ಸೋಮವಾರದ ಮುಯ್ಯಿ

ಅವಲಪಲ್ಲಿ
ಮಂಗಳವಾರ, 9 ಮಾರ್ಚ್ 1943

ವೆಂಕಟೇಶಣ್ಣನಿಗೆ ನಾರಾಯಣಮ್ಮನ ನಮಸ್ಕಾರ.

ನನಗೆ ಕಾಯಿಲೆ ಎಂಬ ಸುದ್ದಿ ನಿನ್ನ ಕಿವಿಗೆ ಬಿದ್ದಿದ್ದರೆ ನಂಬಬೇಡ. ನಾನು ಗಟ್ಟಿಯಾಗಿದ್ದೇನೆ. ಆ ಸುದ್ದಿ ಹುಟ್ಟುವುದಕ್ಕೆ ನೀನೇ ಕಾರಣ. ಹೇಗೆಂದು ಹೇಳುತ್ತೇನೆ.

ಸಂಕ್ರಾಂತಿಗೆ ಬಂದಾಗ ನೀನು ಪ್ಯಾರಿಸ್ ಪಟ್ಟಣದ ಮನೆಯೊಡತಿಯರ ಸಂಗತಿ ಹೇಳಿದೆ. ಇನ್ನೂರು ಮುನ್ನೂರು ವರ್ಷದ ಹಿಂದೆ ಅವರು ವಾರದಲ್ಲಿ ಒಂದು ದಿನ ಗೊತ್ತುಮಾಡಿ ಬಾಗಿಲು ತೆರೆದಿಡುತ್ತಿದ್ದರಂತೆ. ಬಂದವರು ಹೊಸ ಪುಸ್ತಕ ಓದಿ ಅದರ ಮೇಲೆ ವಾದ ಮಾಡುತ್ತಿದ್ದರಂತೆ. ಯಾರು ಎಷ್ಟು ಹೊತ್ತು ಮಾತಾಡಬೇಕೆಂದು ಹೇಳುವ ಅಧಿಕಾರ ಆ ಮನೆಯಾಕೆಯದಂತೆ. ಅವರಲ್ಲಿ ಒಬ್ಬಾಕೆ ಮಂಚದ ಮೇಲೆ ಒರಗಿಕೊಂಡೇ ಎಲ್ಲರನ್ನೂ ಮಾತಾಡಿಸುತ್ತಿದ್ದಳು ಅಂತಲೂ ಅಂದೆ. ಎರಡು ತಿಂಗಳು ನನ್ನ ತಲೆಯಲ್ಲಿ ಅದೇ ಇತ್ತು.

ನಿನ್ನೆ ಸೋಮವಾರ, ಎತ್ತಿಗೆ ನೊಗ ಇಡದ ದಿನ. ಹುಣಸೆಹಣ್ಣು ಬಿಡಿಸುವುದು ಬಿಟ್ಟರೆ ಊರಲ್ಲಿ ಬೇರೆ ಕೆಲಸವಿಲ್ಲ. ಮಧ್ಯಾಹ್ನ ಮಂಚವನ್ನು ಪಡಸಾಲೆಗೆ ಎಳೆದು, ದಿಂಬಿಗೆ ಒರಗಿ, ನೀನು ಬಿಟ್ಟುಹೋದ ಹಳೆಯ ಮಾಸಪತ್ರಿಕೆ ಹಿಡಿದು ಕೂತೆ. ಬಾಗಿಲು ತೆರೆದಿತ್ತು. ನೀರಿಗೆ ಹೋಗುತ್ತಿದ್ದ ಎದುರುಮನೆ ಮಂಗಮ್ಮ ಇಣುಕಿ ನೋಡಿದಳು. ಕೊಡವನ್ನು ಅಲ್ಲೇ ಇಟ್ಟು ಓಡಿದಳು. ಸ್ವಲ್ಪ ಹೊತ್ತಿಗೆ ಹತ್ತು ಹೆಂಗಸರು ಬಂದರು. ಒಬ್ಬಳ ಕೈಯಲ್ಲಿ ಮೆಣಸಿನ ಕಷಾಯ, ಇನ್ನೊಬ್ಬಳ ಕೈಯಲ್ಲಿ ಮುನೇಶ್ವರನ ಬೂದಿ. ನಮ್ಮಲ್ಲಿ ಹಗಲು ಹೊತ್ತು ಹೆಂಗಸು ಮಂಚ ಹತ್ತುವುದು ಬಾಣಂತಿಯಾದರೆ, ಇಲ್ಲವೇ ಸಾಯುವ ಹಾಗಿದ್ದರೆ. ಇದು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹಿತ್ತಲಿಂದ ಬಂದ ನಮ್ಮತ್ತೆ ಕದಿರಮ್ಮ ಎದೆ ಬಡಿದುಕೊಂಡರು. "ಹೊತ್ತಾರೆ ಮೂರು ಮುದ್ದೆ ಉಂಡೋಳು, ಮಂಚ ಹಿಡ್ದುಬುಟ್ಳಲ್ಲಪ್ಪೋ!"

"ಜ್ವರ ಇಲ್ಲ ಅಂದ್ಮೇಕೆ ಯಾಕಮ್ಮಿ ಬಿದ್ಕೊಂಡಿದ್ದೀಯಾ?" ಅಂದಳು ಮಂಗಮ್ಮ.

"ಪ್ಯಾರಿಸ್‌ನಾಗೆ ಹಿಂಗೇ ಅಂತೆ ಕಣೇ," ಅಂದೆ.

"ಅಲ್ಲಿ ಹೆಂಗಸ್ರು ಎಮ್ಮೆ ಕರ್ಯಲ್ವಾ?"

ನಕ್ಕು ನಕ್ಕು ಸಾಕಾಯಿತು. ಆದರೆ ಬಂದವರು ಬಂದಿದ್ದರಲ್ಲ, ಕೂರಿಸಿ ಮಾಸಪತ್ರಿಕೆಯಿಂದ ಒಂದು ಕಥೆ ಓದಿದೆ. ದನ ಮನೆಗೆ ಬರುವ ಹೊತ್ತಿನವರೆಗೆ ಯಾರೂ ಏಳಲಿಲ್ಲ. ಹೋಗುವಾಗ ಕಷಾಯವನ್ನು ಅವರೇ ಹಂಚಿಕೊಂಡು ಕುಡಿದರು. ಮುಂದಿನ ಸೋಮವಾರ ಬರುತ್ತೇವೆ ಅಂದಿದ್ದಾರೆ. ಮಂಚ ಒಳಗೆ ಹೋಯಿತು, ಚಾಪೆ ಸಾಕು. ನನಗೆ ಪುಸ್ತಕ ಬೇಕು. ನೀನು ಮುದ್ರಣಾಲಯದಲ್ಲಿ ಇರುವವನು, ದಾರಿ ಹುಡುಕು.

ನಿನ್ನ ತಂಗಿ,
ನಾರಾಯಣಮ್ಮ


ಅಕ್ಕಿಪೇಟೆ, ಬೆಂಗಳೂರು
17 ಮಾರ್ಚ್ 1943

ತಂಗಿ ನಾರಾಯಣಮ್ಮನಿಗೆ ಆಶೀರ್ವಾದ.

ಕಾಗದ ಓದಿ ನಾನೊಬ್ಬನೇ ಕೋಣೆಯಲ್ಲಿ ನಕ್ಕೆ. ಮಂಚದ ವಿಷಯ ನಾನು ಹೇಳಬಾರದಿತ್ತು. ಆ ಹೆಂಗಸರ ಮುಖ್ಯ ಗುಣ ಒರಗುವುದಲ್ಲ. ಹರಟೆ ಜಗಳವಾಗದಂತೆ, ಪುಸ್ತಕ ಬಿಟ್ಟು ಮಾತು ಬೇರೆಡೆಗೆ ಹೋಗದಂತೆ ನೋಡಿಕೊಳ್ಳುವುದು. ಅದು ನಿನಗೆ ಬರುತ್ತದೆ. ಅಪ್ಪ ಜವಳಗಿರಿಯ ನಮ್ಮ ಮನೆಯ ಜಗಲಿಯಲ್ಲಿ ನಮ್ಮಿಬ್ಬರಿಗೂ ಅಕ್ಷರ ಕಲಿಸುವಾಗ ಮೊದಲು ತಪ್ಪು ಹಿಡಿಯುತ್ತಿದ್ದವಳು ನೀನೇ.

ಪುಸ್ತಕ ಕೊಳ್ಳುವ ಕಾಲವಲ್ಲ ಇದು. ಯುದ್ಧದಿಂದ ಕಾಗದಕ್ಕೇ ಬರ. ಆದರೆ ನಮ್ಮಲ್ಲಿ ಈಗ ಒಂದು ಹೊಸ ಕಾದಂಬರಿ ಅಚ್ಚಿಗೆ ಬಂದಿದೆ. ಹದಿನಾರು ಪುಟಕ್ಕೊಮ್ಮೆ ಕರಡು ತೆಗೆಯುತ್ತಾರೆ, ನಾನು ತಪ್ಪು ತಿದ್ದುತ್ತೇನೆ, ಆಮೇಲೆ ಆ ಹಾಳೆ ರದ್ದಿಗೆ. ರದ್ದಿಗೆ ಹೋಗಬೇಕಾದ ಮೊದಲ ಹದಿನಾರು ಪುಟವನ್ನು ತರಕಾರಿ ಗಾಡಿಯ ಅಂಜನಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಕೆಂಪು ಮಸಿಯಲ್ಲಿರುವುದು ನನ್ನ ತಿದ್ದುಪಡಿ. ಅದನ್ನು ಓದಬೇಡ. ಎಲ್ಲಿಂದ ಬಂತೆಂದು ಯಾರಿಗೂ ಹೇಳಬೇಡ. ಹೊರಗೆ ಕೊಡುವುದು ಇಲ್ಲಿಯ ನಿಯಮಕ್ಕೆ ವಿರುದ್ಧ.

ಇಂತು,
ವೆಂಕಟೇಶಪ್ಪ


ಅವಲಪಲ್ಲಿ
20 ಏಪ್ರಿಲ್ 1943

ಅಣ್ಣನಿಗೆ ನಮಸ್ಕಾರ.

ಮೂರನೆಯ ಕಂತೂ ಬಂತು. ನಲವತ್ತೆಂಟು ಪುಟ ಮುಗಿದವು, ಮುಂದಿನದು ಬೇಗ ಕಳಿಸು. ಹೆಂಗಸರು ನನ್ನನ್ನು ಬಾವಿಕಟ್ಟೆಯಲ್ಲೂ ಬಿಡುತ್ತಿಲ್ಲ.

ಕಥೆಯ ನಿಂಗವ್ವ ಈಗ ನಮ್ಮೂರಿನವಳೇ ಆಗಿದ್ದಾಳೆ. ಗಂಡ ಸತ್ತ ಮೇಲೆ ಅವನ ಹರಿಗೋಲು ಹಿಡಿದು ಜನರನ್ನು ಹೊಳೆ ದಾಟಿಸುವವಳು. ಹೆಂಗಸು ಕೋಲು ಹಿಡಿಯಬಾರದೆಂದು ಮೈದುನ ಆ ದೋಣಿಕಡವನ್ನು ತನ್ನದು ಮಾಡಿಕೊಳ್ಳಲು ನೋಡುತ್ತಾನೆ. ನಲವತ್ತೆಂಟನೆಯ ಪುಟದಲ್ಲಿ ಹೊಳೆ ತುಂಬಿ ಬರುತ್ತಿದೆ, ಮೈದುನನಿಗೆ ಆಚೆ ದಡದಲ್ಲಿ ಜರೂರು ಕೆಲಸ, ಅವಳ ಹರಿಗೋಲೇ ಗತಿ. ಅವನು ಹತ್ತಿ ಕೂತ, ಅವಳು ಕೋಲು ಊರಿದಳು. ಅಲ್ಲಿಗೆ ಹಾಳೆ ಮುಗಿಯಿತು.

"ಮುಳುಗಿಸ್ಬುಡ್ಲಿ," ಅಂದಳು ಮಂಗಮ್ಮ. ಅವಳ ಮನೆಮಾತು ತೆಲುಗು. ಪ್ರತಿ ಪುಟ ಆದ ಮೇಲೆ ಅವಳಿಗಾಗಿ ನಾನು ತೆಲುಗಿನಲ್ಲಿ ಇನ್ನೊಂದು ಸಲ ಹೇಳುತ್ತೇನೆ. ಹಾಗಾಗಿ ಉಳಿದವರಿಗೆ ಎರಡು ಸಲ ಸಿಟ್ಟು ಬರುತ್ತದೆ.

"ಥೂ, ಮುಳುಗ್ಸಿದ್ರೆ ಇವಳೇ ಸೋತಂಗಲ್ವಾ," ಅಂದರು ನಮ್ಮತ್ತೆ. "ಆಚೆ ದಡ ಮುಟ್ಟಿಸಿ ಕೂಲಿ ಕೇಳ್ಬೇಕು. ಎಲ್ರ ಮುಂದೆ."

ಆಗ ಅಶ್ವತ್ಥಮ್ಮ ಬಾಯಿ ಬಿಟ್ಟಳು. ಊರ ಕಂದಾಯ ಎತ್ತುವ ಮಣೇಗಾರ ಚಿನ್ನಪ್ಪನವರ ಸೊಸೆ, ಮದುವೆಯಾಗಿ ಎರಡು ವರ್ಷ, ನಾನು ಅವಳ ದನಿ ಕೇಳಿದ್ದೇ ಅವತ್ತು. "ನಡು ಹೊಳೇಲಿ ಕೋಲು ಅವನ ಕೈಗೆ ಕೊಡ್ಬೇಕಕ್ಕ. ನಡ್ಸು ನೋಡಾನ ಅನ್ಬೇಕು."

ಈ ಉತ್ತರ ನಮಗ್ಯಾರಿಗೂ ಹೊಳೆದಿರಲಿಲ್ಲ.

ಅದೇ ಹುಡುಗಿ ಮನೆಗೆ ಹೋಗಿ ಇನ್ನೊಂದು ಪ್ರಶ್ನೆ ಕೇಳಿದ್ದಾಳೆ. ತವರಿಂದ ಬಳುವಳಿಯಾಗಿ ಬಂದ ಹಸುವಿನ ಕರುವನ್ನು ಚಿನ್ನಪ್ಪನವರು ಸಂತೆಗೆ ಹೊಡೆದಿದ್ದರು. "ನನ್ನ ಹಸೀನ ಕರ ಮಾರೋ ಮುಂದೆ ನನ್ನ ಒಂದು ಮಾತು ಕೇಳ್ಬೇಡ್ವಾ ಮಾವ?" ಅಂದಳಂತೆ. ನಿನ್ನೆ ಚಿನ್ನಪ್ಪನವರು ನಮ್ಮ ಜಗಲಿಯ ಮುಂದೆ ಬಂದು ನಿಂತು, ನನ್ನನ್ನು ಬಿಟ್ಟು ನನ್ನ ಗಂಡನನ್ನು ಕೇಳಿದರು: "ಏನ್ಲಾ ಮುನಿಕೃಷ್ಣ, ನಿಮ್ಮನೇಲಿ ಸಂಘ ಗಿಂಗ ಕಟ್ತಾವ್ರಂತೆ?"

"ಓದ್ತಾರೆ," ಅಂದರು ಇವರು.

"ಓದೀ?"

"ಮಾತಾಡ್ತಾರೆ."

ಚಿನ್ನಪ್ಪನವರು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಹೋದರು. ಮುಂದಿನ ಕಂತು ಮರೆಯಬೇಡ.

ನಾರಾಯಣಮ್ಮ


ಬೆಂಗಳೂರು
5 ಮೇ 1943

ಚಿ. ಸೌ. ನಾರಾಯಣಮ್ಮನಿಗೆ,

ಈ ಕಾಗದವನ್ನು ಸಮಾಧಾನದಿಂದ ಓದು. ಇನ್ನು ಮುಂದೆ ಹಾಳೆ ಕಳಿಸಲಾರೆ. ರದ್ದಿ ಕಾಗದವನ್ನೂ ಈಗ ತೂಕ ಹಾಕಿ ಬೀಗ ಹಾಕುತ್ತಾರೆ. ಹೋದ ವಾರ ಯಜಮಾನರು ನನ್ನನ್ನು ಕರೆದು ಹಳೆಯ ಕರಡುಗಳ ಬಗ್ಗೆ ಕೇಳಿದರು. ಏನೋ ಹೇಳಿ ಪಾರಾದೆ.

ನೀನೂ ಆ ಕೂಟವನ್ನು ನಿಲ್ಲಿಸು. ಯುದ್ಧದ ಕಾನೂನು ನಡೆಯುತ್ತಿದೆ. ಹೋದ ವರ್ಷದ ಗಲಾಟೆಯ ಮೇಲೆ ಐದು ಜನ ಒಂದು ಕಡೆ ಸೇರಿದರೂ ಪೊಲೀಸರಿಗೆ ಅನುಮಾನ. ಮಣೇಗಾರರು ಒಂದು ಸಾಲು ತಾಲ್ಲೂಕಿಗೆ ಬರೆದರೆ ಸಾಕು, ನಿನ್ನ ಗಂಡ ಹೊಸೂರು ಠಾಣೆಗೆ ಓಡಾಡಬೇಕಾಗುತ್ತದೆ.

ಇನ್ನೊಂದು ಮಾತು. ಪ್ಯಾರಿಸಿನವರು ಅರಮನೆಯಂಥ ಮನೆಯವರು. ಆಳುಕಾಳು ಇದ್ದವರು, ಹೊತ್ತು ಹೋಗದವರು. ಅದನ್ನು ನಿನಗೆ ಹೇಳಿದ್ದು ತಿಳಿದುಕೊಳ್ಳಲಿ ಎಂದು. ಮಾಡಲಿ ಎಂದಲ್ಲ.

ನಿನ್ನ ಒಳ್ಳೆಯದಕ್ಕೇ ಬರೆದಿದ್ದೇನೆ.

ವೆಂಕಟೇಶಪ್ಪ


ಅವಲಪಲ್ಲಿ
26 ಮೇ 1943

ಅಣ್ಣನಿಗೆ,

ನಿನ್ನ ಕಾಗದವನ್ನು ಸಮಾಧಾನದಿಂದ ಮೂರು ಸಲ ಓದಿದೆ. ಮೂರನೆಯ ಸಲವೂ ಸಮಾಧಾನವಾಗಲಿಲ್ಲ.

ಠಾಣೆಗೆ ಹೋಗುವ ಪ್ರಸಂಗ ಬರಲಿಲ್ಲ. ಚಿನ್ನಪ್ಪನವರು ಊರಿನ ಮಾತನ್ನು ತಾಲ್ಲೂಕಿಗೆ ಒಯ್ಯುವವರಲ್ಲ. ಹೋದ ಶುಕ್ರವಾರ ಅರಳಿಕಟ್ಟೆಯಲ್ಲಿ ಊರು ಸೇರಿಸಿದರು. ನಾವು ಹೆಂಗಸರು ಹಿಂದೆ ಗೋಡೆ ಪಕ್ಕ ನಿಂತಿದ್ದೆವು. "ಪುಸ್ತಕ ಓದ್ಸಿ ಹೆಣ್ಣುಮಕ್ಳ ಬಾಯಿ ಬಿಚ್ಚಿಸ್ತಾವ್ಳೆ. ಇವತ್ತು ಕರ ಕೇಳ್ತಾರೆ, ನಾಳೆ ಹೊಲ ಕೇಳ್ತಾರೆ," ಅಂದರು. ಕೆಲವರು ನಕ್ಕರು, ಕೆಲವರು ತಲೆಯಾಡಿಸಿದರು. ಕೊನೆಗೆ ಆದ ತೀರ್ಮಾನ ಇದು: ಕೆಲಸವಿಲ್ಲದೆ ಹೆಂಗಸರು ಯಾರ ಮನೆಯಲ್ಲೂ ಗುಂಪು ಸೇರಕೂಡದು. ಸೇರಿದರೆ ಆ ಮನೆಯವರು ಊರಿಗೆ ತಪ್ಪುದಂಡ ಕಟ್ಟಬೇಕು.

ಈ ಸೋಮವಾರ ಚಾಪೆ ಹಾಸಿದ್ದೆ. ಅತ್ತೆ ಒಬ್ಬರೇ ಕೂತರು. ಮಂಗಮ್ಮ ತನ್ನ ಜಗಲಿಯಲ್ಲಿ ಕೂತು ಈ ಕಡೆ ನೋಡುತ್ತಿದ್ದಳು. ನಾನು ಅವಳಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ.

ಚಿನ್ನಪ್ಪನವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರಿಗೆ ಬೇಡವೆನಿಸಿತು, ಬೇಡ ಅಂದರು. ನೀನು ತಿಳಿದುಕೊಳ್ಳಲಿ ಎಂದು ಹೇಳಿದೆ, ಮಾಡಲಿ ಎಂದಲ್ಲ ಅಂತ ಬರೆದೆಯಲ್ಲ, ಆ ಸಾಲನ್ನು ಅತ್ತೆಗೆ ಓದಿ ಹೇಳಿದೆ. "ಉಣ್ಣಲಿ ಅಂತಲ್ಲ, ವಾಸ್ನೆ ನೋಡ್ಲಿ ಅಂತ ಅಡಿಗೆ ಮಾಡೋರು ಉಂಟಾ?" ಅಂದರು.

ನಾನು ನಿಲ್ಲಿಸುವುದಿಲ್ಲ. ನಮ್ಮೂರಲ್ಲಿ ಹೊತ್ತು ಹೋಗದ ಹೆಂಗಸು ಒಬ್ಬಳೂ ಇಲ್ಲ. ಇವರೆಲ್ಲ ಕೆಲಸದ ನಡುವೆ ಹೊತ್ತು ಮಾಡಿಕೊಂಡು ಬಂದವರು. ನೀನು ಹೇಳಿದ ಪ್ಯಾರಿಸಿನವರಿಗಿಂತ ಇವರದ್ದು ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಊರವರು "ಕೆಲಸವಿಲ್ಲದೆ" ಅಂದಿದ್ದಾರೆ. ಆ ಮಾತನ್ನು ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೇನೆ. ಬಿತ್ತನೆ ಬಂತು, ಇನ್ನು ಕಾಗದ ಬರೆಯಲು ಪುರಸೊತ್ತಿಲ್ಲ.

ನಾರಾಯಣಮ್ಮ


ಬೆಂಗಳೂರು
30 ಜುಲೈ 1943

ನಾರಾಯಣಮ್ಮನಿಗೆ,

ಇದು ನಾನು ಬರೆಯುತ್ತಿರುವ ಮೂರನೆಯ ಕಾಗದ. ಎರಡಕ್ಕೆ ಉತ್ತರವಿಲ್ಲ. ಅಂಜನಪ್ಪನನ್ನು ಕೇಳಿದೆ. "ನಿಮ್ಮ ತಂಗಿ ದಿನಾ ಬೇರೇರ ಹೊಲದಾಗೆ ಕಳೆ ಕೀಳ್ತಾ ಅವ್ಳೆ, ತನ್ನ ಹೊಲ ಬುಟ್ಟು," ಎಂದ. ಮನೆಯಲ್ಲಿ ಕಷ್ಟವೇ? ಕೂಲಿಗೆ ಹೋಗುವ ಸ್ಥಿತಿ ಬಂದಿದೆಯೇ? ನಾನಿರುವಾಗ ಹಾಗೆ ಮಾಡಬೇಡ. ಒಂದು ಸಾಲು ಬರೆ.

ವೆಂಕಟೇಶಪ್ಪ


ಅವಲಪಲ್ಲಿ
ಮಂಗಳವಾರ, 21 ಸೆಪ್ಟೆಂಬರ್ 1943

ಅಣ್ಣನಿಗೆ,

ಕೂಲಿಗೆ ಹೋಗಿರಲಿಲ್ಲ. ಮುಯ್ಯಿಗೆ ಹೋಗಿದ್ದೆ.

ಪಟ್ಟಣ ಸೇರಿ ಹದಿನೈದು ವರ್ಷವಾಯಿತು, ನಿನಗೆ ಮುಯ್ಯಾಳು ಮರೆತಿರಬಹುದು. ಇವತ್ತು ನಾನು ನಿನ್ನ ಹೊಲದಲ್ಲಿ ಒಂದು ದಿನ ಬಗ್ಗಿದರೆ, ನಾನು ಕರೆದ ದಿನ ನೀನು ಬಂದು ನನ್ನ ಕೆಲಸಕ್ಕೆ ಒಂದು ದಿನ ಬಗ್ಗಬೇಕು. ದುಡ್ಡಿನ ಮಾತಿಲ್ಲ, ಬರಹವಿಲ್ಲ. ಮುಯ್ಯಿ ತಪ್ಪಿಸಿದ ಮನೆಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ. ಏನು ಕೆಲಸ ಎಂದು ಹೇಳುವುದು ಕರೆದವರ ಹಕ್ಕು.

ಕಳೆಯ ಕಾಲ ಪೂರ್ತಿ, ಚಿನ್ನಪ್ಪನವರದೂ ಸೇರಿ ಹತ್ತು ಮನೆಯ ಹೊಲಕ್ಕೆ, ಮನೆಗೆ ಏಳೆಂಟು ದಿನದಂತೆ ಹೋದೆ. ಹೆಂಗಸರು ನಮ್ಮ ಹೊಲಕ್ಕೆ ಬರುತ್ತೇವೆ ಅಂದರೆ, ಈಗ ಬೇಡ, ಆಮೇಲೆ ಕರೆಯುತ್ತೇನೆ ಅಂದೆ. ನಮ್ಮ ರಾಗಿಯ ಕಳೆಯನ್ನು ಇವರು, ಅತ್ತೆ, ಬೆಳಗಿನ ಹೊತ್ತು ನಾನು, ಮೂವರೇ ತೆಗೆದೆವು. ಇವರಿಗೆ ಏನೂ ಹೇಳಿರಲಿಲ್ಲ. ಅತ್ತೆಗೆ ಹೇಳಿದ್ದೆ. ಅವರು ಸೊಂಟ ಹಿಡಿದುಕೊಂಡು, "ನಿಮ್ಮಪ್ಪ ನಿಂಗೆ ಅಕ್ಷರ ಕಲ್ಸಿದ್ದು ನನ್ನ ಸೊಂಟಕ್ಕೆ ಬಂತು," ಅಂದರು. ಬೇಡ ಅನ್ನಲಿಲ್ಲ.

ಕಳೆ ಮುಗಿದ ಮೇಲೆ ಒಂದೊಂದು ಮನೆಗೂ ಹೋಗಿ ಮುಯ್ಯಿ ಕರೆದೆ. ದಿನ ಸೋಮವಾರ, ಹೊತ್ತು ಮಧ್ಯಾಹ್ನ, ಜಾಗ ನಮ್ಮ ಪಡಸಾಲೆ. ಕೆಲಸ, ನಾನು ಓದಿದ್ದನ್ನು ಕೇಳುವುದು, ಕೇಳಿದ ಮೇಲೆ ಅನ್ನಿಸಿದ್ದನ್ನು ಹೇಳುವುದು. ಒಂದು ದಿನದ ಮುಯ್ಯಿಗೆ ಎರಡು ಮಧ್ಯಾಹ್ನ.

ಮೊದಲ ಸೋಮವಾರ ಹತ್ತು ಜನವೂ ಬಂದರು. ಮಾರನೆಯ ದಿನವೇ ಅರಳಿಕಟ್ಟೆಯಲ್ಲಿ ಮತ್ತೆ ಸಭೆ.

"ಕೂತ್ಕೊಂಡು ಕೇಳೋದು ಒಂದು ಕೆಲ್ಸವೇನ್ಲಾ?" ಅಂದರು ಚಿನ್ನಪ್ಪನವರು.

ಹಿರಿಯರಾದ ಕದಿರಪ್ಪನವರು ಎಲೆಅಡಿಕೆ ಉಗಿದು ಹೇಳಿದರು. "ಹೋದ ವರ್ಷ ನೀನು ಮುಯ್ಯಿಗೆ ಅಂತ ನನ್ನ ಮೊಮ್ಮಗನ್ನ ಕರೆದು, ತಾಲ್ಲೂಕು ಕಚೇರಿ ಮುಂದೆ ನಿನ್ನ ಗಾಡಿ ಕಾಯಕ್ಕೆ ಕೂರಿಸ್ಲಿಲ್ವಾ? ಅವ್ನೂ ಕೂತೇ ಇದ್ದ ಕಣಪ್ಪ. ಮುಯ್ಯಿ ಕರೆದೋರು ಹೇಳಿದ್ದೇ ಕೆಲ್ಸ."

ಜನ ನಕ್ಕರು. ಚಿನ್ನಪ್ಪನವರೂ ಸ್ವಲ್ಪ ನಕ್ಕರು ಎಂದು ಇವರು ಹೇಳಿದರು. ಆದರೆ ಅವರು ಸುಮ್ಮನಿರುವವರಲ್ಲ. "ಆಯ್ತು, ಮುಯ್ಯಿ ಮುಯ್ಯೇ. ಬಾಕಿ ಇಟ್ಕೊಳ್ಳೋ ಊರಲ್ಲ ಇದು, ತೀರಿಸ್ಲಿ. ಆದ್ರೆ ಮುಯ್ಯೆಲ್ಲ ಓದಿಗೇ ಖರ್ಚು ಮಾಡ್ಕೊಂಡೋಳ ಹೊಲಕ್ಕೆ ಈ ಸುಗ್ಗಿಗೆ ಯಾರೂ ಕುಡುಗೋಲು ತಗೊಂಡು ಹೋಗಕೂಡದು. ಅವಳ ರಾಗಿ ಅವಳೇ ಕುಯ್ಕೊಳ್ಲಿ." ಇದಕ್ಕೆ ಯಾರೂ ಎದುರಾಡಲಿಲ್ಲ.

ನಮ್ಮದು ನಾಲ್ಕು ಎಕರೆ. ರಾಗಿ ಒಂದೇ ಸಲಕ್ಕೆ ಹಣ್ಣಾಗುತ್ತದೆ. ಮೂವರ ಕೈಗೆ ಅದು ನಿಲ್ಲುವುದಿಲ್ಲ. ಇವರು ರಾತ್ರಿ ಊಟ ಮಾಡುವಾಗ, "ರಾಗಿ ಯಾರು ಕುಯ್ತಾರೆ?" ಎಂದು ಒಂದೇ ಸಲ ಕೇಳಿದರು. ಇನ್ನೊಂದು ಸಲ ಕೇಳಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ನಿನ್ನ ವಿಷಯ. ಅಪ್ಪ ಸತ್ತ ವರ್ಷ ಮನೆಯವರು ನಿನ್ನನ್ನು ಬೆಂಗಳೂರಿಗೆ ಓದಲು ಕಳಿಸಿದರು. ನಿನ್ನ ಪಾಲಿನ ದನ, ನಿನ್ನ ಪಾಲಿನ ಹೊಲ ಎರಡು ವರ್ಷ ನಾನು ನೋಡಿಕೊಂಡೆ. ನನಗೆ ಹನ್ನೆರಡು ವರ್ಷ. ಶಾಲೆಯ ಚೀಲವನ್ನು ಗೂಟಕ್ಕೆ ನೇತುಹಾಕಿದವಳು ಮತ್ತೆ ತೆಗೆಯಲಿಲ್ಲ. ಈ ಮಾತನ್ನು ಇವತ್ತಿನವರೆಗೆ ನಿನ್ನ ಹತ್ತಿರ ಆಡಿರಲಿಲ್ಲ. ಈಗ ಆಡುತ್ತೇನೆ. ಅದು ಮುಯ್ಯಿ, ಅಣ್ಣ. ಎರಡು ವರ್ಷದ ಮುಯ್ಯಿ. ಮುಂದಿನ ಹಾಳೆಗಳನ್ನು ಕಳಿಸು.

ನಾರಾಯಣಮ್ಮ


ಬೆಂಗಳೂರು
12 ಅಕ್ಟೋಬರ್ 1943

ತಂಗಿಗೆ,

ನಿನ್ನ ಕಾಗದಕ್ಕೆ ಹದಿನೈದು ದಿನದಿಂದ ಉತ್ತರ ಬರೆದು ಹರಿದು ಹಾಕುತ್ತಿದ್ದೇನೆ. ಗೂಟದ ಚೀಲ ನನಗೆ ನೆನಪಿದೆ. ಅದರಲ್ಲಿದ್ದ ಬಳಪವನ್ನು ಬೆಂಗಳೂರಿಗೆ ತಂದವನು ನಾನೇ. ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ.

ಹಾಳೆಗಳ ವಿಷಯ ಇದ್ದದ್ದು ಇದ್ದಂತೆ ತಿಳಿಸುತ್ತೇನೆ. ಆ ಕಾದಂಬರಿ ಅಚ್ಚಾಗುವುದಿಲ್ಲ. ಕಾಗದ ಸಿಗಲಿಲ್ಲ, ಬರೆದವರು ಹಸ್ತಪ್ರತಿಯನ್ನು ವಾಪಸು ತೆಗೆದುಕೊಂಡು ಹೋದರು. ಜೋಡಿಸಿದ್ದ ಅಚ್ಚಿನ ಮೊಳೆಗಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದ್ದಾರೆ. ನಲವತ್ತೆಂಟನೆಯ ಪುಟದ ಮುಂದೆ ನಾನೂ ಓದಿಲ್ಲ. ಆ ಕಥೆ ಓದಿದವರು ಲೋಕದಲ್ಲಿ ಮೂವರು: ಬರೆದವರು, ಮೊಳೆ ಜೋಡಿಸಿದ ನಾರಾಯಣಪ್ಪ, ನಾನು. ಆಮೇಲೆ ನಿಮ್ಮೂರ ಹೆಂಗಸರು.

ರಾಗಿಯ ಬಗ್ಗೆ ನನಗೆ ನಿಜವಾಗಿಯೂ ಭಯವಾಗಿದೆ. ಇಲ್ಲಿ ಪಡಿತರದ ಅಂಗಡಿಯ ಮುಂದೆ ಬೆಳಗಿನಿಂದ ಸಾಲು. ಇಂಥ ಕಾಲದಲ್ಲಿ ಹೊಲದಲ್ಲಿ ರಾಗಿ ಉದುರುವುದೆಂದರೆ ಏನು? ಚಿನ್ನಪ್ಪನವರಿಗೆ ಒಂದು ಮಾತು ಹೇಳಿ ರಾಜಿಯಾಗು. ಸುಗ್ಗಿ ಮುಗಿಯುವವರೆಗಾದರೂ ನಿಲ್ಲಿಸು. ಬೇಕಾದರೆ ನಾನೇ ಅವರಿಗೆ ಬರೆಯುತ್ತೇನೆ.

ವೆಂಕಟೇಶ


ಅವಲಪಲ್ಲಿ
ಮಂಗಳವಾರ, 28 ಡಿಸೆಂಬರ್ 1943

ಅಣ್ಣನಿಗೆ,

ನೀನು ಚಿನ್ನಪ್ಪನವರಿಗೆ ಬರೆಯದೆ ಇದ್ದದ್ದು ಒಳ್ಳೆಯದಾಯಿತು. ರಾಜಿ ಆಗಲಿಲ್ಲ. ಸುಗ್ಗಿ ಆಯಿತು.

ಮೊದಲು ರಾಗಿಯ ಲೆಕ್ಕ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿನ್ನ ತಲೆಗೆ ಹೋಗುವುದಿಲ್ಲ. ಮೂವರೇ ಹದಿನೆಂಟು ದಿನ ಕೊಯ್ದೆವು. ಕೊನೆಯ ಒಂದು ಎಕರೆಯ ತೆನೆ ಬಲಿತು ಮುಟ್ಟಿದರೆ ಉದುರುತ್ತಿತ್ತು. ಮೂರು ಮೂಟೆಯಷ್ಟು ಹೋಯಿತು ಎಂದು ಇವರ ಅಂದಾಜು. ಸ್ವಲ್ಪ ಗುಡಿಸಿ ತಂದೆವು, ಉಳಿದದ್ದು ಗುಬ್ಬಿಗೆ. ಬರುವ ಬೇಸಿಗೆಯಲ್ಲಿ ಒಂದು ಹೊತ್ತು ಮುದ್ದೆ, ಒಂದು ಹೊತ್ತು ಅಂಬಲಿ. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಅದು ನನ್ನಿಂದ ಆದ ನಷ್ಟ.

ತಪ್ಪಿಸಲು ದಾರಿ ಇತ್ತು, ಅದನ್ನೂ ಹೇಳಬೇಕು. ಡಿಸೆಂಬರ್ ಆರನೆಯ ತಾರೀಕು, ಸೋಮವಾರ, ರಾಗಿ ನಿಂತಿದ್ದಾಗ ಹೆಂಗಸರು ಪಡಸಾಲೆಗೆ ಬಂದರು. ಸೆರಗಿನ ಕೆಳಗೆ ಕುಡುಗೋಲು ಇತ್ತು. "ಹಳೇ ಮುಯ್ಯಿ ಇನ್ನೂ ಐತಲ್ಲ ಅಕ್ಕ. ಇವತ್ತಿನ ಕೆಲ್ಸ ರಾಗಿ ಕುಯ್ಯೋದು ಅಂತ ಒಂದು ಮಾತು ಅನ್ನು. ಚಿನ್ನಪ್ಪ ಬಂದ್ರೆ ನಾವು ನೋಡ್ಕೊಂತೀವಿ," ಅಂದಳು ಮಂಗಮ್ಮ.

ನಾನು ನನ್ನ ಗಂಡನ ಮುಖ ನೋಡಿದೆ. ಇವರು ಎದ್ದು ಕೊಟ್ಟಿಗೆಗೆ ಹೋದರು. ಹೌದು ಅನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಆಗ ಅತ್ತೆ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತಾ ಹೇಳಿದರು. "ಬ್ಯಾಡ ಕಣ್ರಮ್ಮ. ಓದು ಕೆಲ್ಸ ಅಲ್ಲ ಅಂತ ಅವ್ನು ಅಂದ. ನಾವು ಕೆಲ್ಸ ಅಂದ್ವಿ. ಈಗ ರಾಗಿ ಬಂತು ಅಂತ ಬುಟ್ಬುಟ್ರೆ ಅವ್ನು ಅಂದಿದ್ದೇ ನಿಜ ಆಯ್ತದೆ. ಕುಡುಗೋಲು ಮೂಲೇಗೆ ಮಡಗ್ರಿ. ನಾರಾಯಣಿ, ಓದು."

ಓದಿದೆ. ನನ್ನ ಕೈಯಲ್ಲಿ ಕೊಯ್ದ ಗಾಯ ಇತ್ತು. ನಿನ್ನ ಕೆಂಪು ಮಸಿಯ ಪಕ್ಕದಲ್ಲಿ ನನ್ನದೂ ಒಂದು ಗುರುತು ಬಿತ್ತು.

ಓದುವುದಕ್ಕೆ ಇನ್ನೇನಿತ್ತು ಎಂದು ಕೇಳುತ್ತೀಯ. ನಿನ್ನ ಕಾಗದ ಬಂದ ಮೇಲೆ, ಮುಂದಿನ ಹಾಳೆ ಇಲ್ಲ, ಇನ್ನು ಬರುವುದೂ ಇಲ್ಲ ಎಂದು ಹೇಳಿದೆ. "ಹಂಗಾದ್ರೆ ನಿಂಗವ್ವ ಅಲ್ಲೇ ನಿಂತವ್ಳಾ, ನೀರ ಮ್ಯಾಲೆ?" ಅಂದಳು ಅಶ್ವತ್ಥಮ್ಮ. ಅವತ್ತಿನಿಂದ ಪ್ರತಿ ಸೋಮವಾರ ಮೊದಲು ಹಿಂದಿನದರಲ್ಲಿ ಒಂದಿಷ್ಟು ಓದುವುದು, ಆಮೇಲೆ ಒಬ್ಬೊಬ್ಬರು ಮುಂದಿನದನ್ನು ಹೇಳುವುದು. ಒಪ್ಪಿದ್ದನ್ನು ನಾನು ಬರೆಯುತ್ತೇನೆ. ಒಂದು ಸಾಲು ಒಪ್ಪಿಸುವುದಕ್ಕೆ ಒಂದು ಮಧ್ಯಾಹ್ನ ಹೋದದ್ದೂ ಉಂಟು. ಬರೆದವರಿಗೆ ಕೋಪ ಬಂದರೆ ಅವರೂ ಒಂದು ಸೋಮವಾರ ಬಂದು ವಾದ ಮಾಡಲಿ.

ಈ ತಿಂಗಳು ಇಪ್ಪತ್ತನೆಯ ತಾರೀಕಿಗೆ ಎಲ್ಲರ ಮುಯ್ಯೂ ತೀರಿತು. ನಿನ್ನೆ ಬರಬೇಕಾದ ಋಣ ಯಾರಿಗೂ ಇರಲಿಲ್ಲ. ನಾನು ಯಾರನ್ನೂ ಕರೆಯಲಿಲ್ಲ. ಅವರೆಕಾಯಿ ಮೊರದಲ್ಲಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದೆ, ರಸ್ತೆಯ ಕಡೆ ನೋಡಬಾರದೆಂದು ನಿಶ್ಚಯಿಸಿ. ಮೊದಲು ಬಂದವಳು ಅಶ್ವತ್ಥಮ್ಮ.

"ನಿನ್ನ ಮುಯ್ಯಿ ತೀರ್ತಲ್ಲೇ, ಯಾಕ್ ಬಂದೆ?" ಅಂದೆ.

"ಅದಕ್ಕೇ ಬಂದೆ," ಅಂದಳು. "ಇವತ್ತು ನಾನು ಬಂದಿದ್ದು ಹೊಸಾ ಮುಯ್ಯಿ. ಈಗ ನಿನ್ನ ಮ್ಯಾಲೆ ಐತೆ. ಬರೋ ಸೋಮವಾರ ನಾನು ಕರೀತೀನಿ, ನೀನು ನಮ್ಮನೆಗೆ ಬಂದು ಓದ್ಬೇಕು."

"ನಿಮ್ಮನೇಗಾ? ಮಣೇಗಾರ್ರ ಮನೇಗಾ?"

"ನಮ್ಮ ಜಗಲಿ ದೊಡ್ಡದು ಅಕ್ಕ. ಇಪ್ಪತ್ತು ಜನ ಕೂರ್ಬೋದು."

ಅಷ್ಟರಲ್ಲಿ ಮಂಗಮ್ಮ, ಅವಳ ಹಿಂದೆ ಉಳಿದವರು ಬಂದರು. ಎಲ್ಲರೂ ಅದೇ ಮಾತು ಆಡಿದರು. ಈಗ ಹತ್ತು ಮನೆಗೆ ನಾನೇ ಮುಯ್ಯಿ ಕೊಡಬೇಕು. ಅದರ ಮೇಲೆ, ನಮ್ಮ ಹೊಲಕ್ಕೆ ಬರಕೂಡದು ಎಂದು ಊರು ಹೇಳಿತ್ತೇ ಹೊರತು, ನಾನು ಅವರ ಮನೆಗೆ ಹೋಗಬಾರದೆಂದು ಯಾರೂ ಹೇಳಿಲ್ಲ.

ಸಾಯಂಕಾಲ ಚಿನ್ನಪ್ಪನವರ ಕೂಗು ನಮ್ಮ ಮನೆಯವರೆಗೂ ಕೇಳಿಸಿತು. ಅಶ್ವತ್ಥಮ್ಮ ಹೇಳಿದ ಉತ್ತರವನ್ನು ಮಂಗಮ್ಮ ಗೋಡೆಯ ಆಚೆ ನಿಂತು ಕೇಳಿಸಿಕೊಂಡು ಬಂದಳು. "ಬಾಕಿ ಇಟ್ಕೊಳ್ಳೋ ಊರಲ್ಲ ಅಂತ ಕಟ್ಟೆ ಮ್ಯಾಲೆ ನಿಂತು ಅಂದೋರು ನೀವೇ ಅಲ್ವಾ ಮಾವ? ಮಣೇಗಾರ್ರ ಮನೆಗೇ ಮುಯ್ಯಿ ತೀರ್ಲಿಲ್ಲ ಅಂದ್ರೆ ಜನ ಏನಂತಾರೆ?" ಆಮೇಲೆ ಕೂಗು ನಿಂತಿತು. ಇವತ್ತು ಬೆಳಿಗ್ಗೆ ಅವರು ನಮ್ಮ ಬಾಗಿಲ ಮುಂದೆ ಹೋಗುವಾಗ ಕೆಮ್ಮಿ, ಇವರ ಹತ್ತಿರ, "ಎಷ್ಟೊತ್ತಿಗ್ಲಾ ಶುರು?" ಎಂದು ಕೇಳಿದರು.

ಬರುವ ಸೋಮವಾರ, ಜನವರಿ ಮೂರನೆಯ ತಾರೀಕು, ನಿಂಗವ್ವನ ಹರಿಗೋಲನ್ನು ಚಿನ್ನಪ್ಪನವರ ಜಗಲಿಯ ಮೇಲೆ ಆಚೆ ದಡಕ್ಕೆ ಮುಟ್ಟಿಸುತ್ತೇವೆ. ಹೇಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅತ್ತೆಗೂ ಅಶ್ವತ್ಥಮ್ಮನಿಗೂ ವಾದ ನಡೆಯುತ್ತಿದೆ. ಅವತ್ತು ಚಿನ್ನಪ್ಪನವರು ಬಾಯಿ ಹಾಕಿದರೆ ಅವರಿಗೂ ಒಂದು ಸರದಿ ಕೊಡುತ್ತೇನೆ, ಒಂದೇ.

ನಿನ್ನ ಎರಡು ವರ್ಷದ ಮುಯ್ಯಿಯನ್ನು ನಾನು ಈಗ ಕರೆಯುತ್ತಿದ್ದೇನೆ. ಶನಿವಾರ ಕೆಲಸ ಬಿಟ್ಟ ಮೇಲೆ ಇದ್ದಿಲಿನಿಂದ ಓಡುವ ಬಸ್ಸು ಹತ್ತು. ಜೂಜುವಾಡಿ ಗಡಿಯಲ್ಲಿ ಕಾಳುಕಡ್ಡಿ ಸಾಗಿಸುತ್ತಾರೆಂದು ಚೀಲ ತಪಾಸಣೆ ಮಾಡುತ್ತಾರೆ, ಬರಿಗೈಯಲ್ಲಿ ಬಾ. ಕೆಂಪು ಮಸಿ ತರಬೇಡ. ನಾವು ಬರೆದಿರುವುದರಲ್ಲಿ ತಪ್ಪಿರಬಹುದು, ಅದನ್ನು ತಿದ್ದುವುದು ನಿನ್ನ ಕೆಲಸವಲ್ಲ. ಹೆಂಗಸರ ಹಿಂದೆ ಗೋಡೆಗೆ ಒರಗಿ ಕೂತು ಕೇಳುವುದು ನಿನ್ನ ಕೆಲಸ. ಕೇಳಿದ ಮೇಲೆ, ನಾನು ಮಾತಾಡು ಅಂದಾಗ ಮಾತಾಡು.

ಕರೆದವಳು,
ನಾರಾಯಣಮ್ಮ